ಹಳೆ ವಿದ್ಯಾರ್ಥಿಗೆ ಕೆಲಸ ಸಿಕ್ಕಿತು, ರೆಫರಲ್ ದುಡ್ಡು ನನಗೆ ಬರುತ್ತದೆ. ಅವನಿಗೆ ಬೇಜಾರಾಗಿದೆ. ಏನು ಮಾಡಲಿ?

ಲ್ಯಾಬ್‌ಮೇಷ್ಟ್ರು_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಾನು ಇಲ್ಲಿನ ಒಂದು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಹನ್ನೊಂದು ವರ್ಷ ಆಯಿತು. ಓದಿ ಹೋದ ಹುಡುಗರು ಈಗಲೂ ಫೋನ್ ಮಾಡುತ್ತಾರೆ. ಅರ್ಧಕ್ಕರ್ಧ ಫೋನು "ಸರ್, ಎಲ್ಲಾದರೂ ಕೆಲಸ ಇದ್ದರೆ ಹೇಳಿ" ಅಂತಲೇ. ಗೊತ್ತಿದ್ದಷ್ಟು ಹೇಳುತ್ತಾ ಬಂದಿದ್ದೇನೆ. ಅದಕ್ಕೆ ಯಾವತ್ತೂ ಯಾರಿಂದಲೂ ಒಂದು ರೂಪಾಯಿ ತಗೊಂಡಿಲ್ಲ.

ಆರು ತಿಂಗಳ ಹಿಂದೆ ಸಹೋದ್ಯೋಗಿಯೊಬ್ಬರು ಒಂದು ಜಾಬ್ ಸೈಟ್ ತೋರಿಸಿದರು. ಅಲ್ಲಿ ಕಂಪನಿಗಳು ಖಾಲಿ ಇರುವ ಕೆಲಸಗಳನ್ನು ಹಾಕುತ್ತವೆ, ಪ್ರತಿ ಕೆಲಸದ ಪಕ್ಕದಲ್ಲಿ ಒಂದು ಮೊತ್ತ ಬರೆದಿರುತ್ತದೆ. ಆ ಕೆಲಸಕ್ಕೆ ಯಾರು ಬೇಕಾದರೂ ಒಬ್ಬರ ಹೆಸರು ಸೂಚಿಸಬಹುದು. ಅವರು ಆಯ್ಕೆಯಾಗಿ, ಸೇರಿ, 90 ದಿನ ಕೆಲಸ ಮಾಡಿದರೆ ಆ ಮೊತ್ತ ಹೆಸರು ಕೊಟ್ಟವರಿಗೆ. ಸಿಎನ್‌ಸಿ (ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕತ್ತರಿಸುವ ಯಂತ್ರ) ಆಪರೇಟರ್‌ಗೆ 4,000, ಪಿಎಲ್‌ಸಿ (ಕಾರ್ಖಾನೆಯ ಯಂತ್ರಗಳನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಗೊತ್ತಿರುವ ಎಂಜಿನಿಯರ್‌ಗೆ 18,000, ಸಾಫ್ಟ್‌ವೇರ್ ಕಡೆ ಅದಕ್ಕಿಂತ ಎಷ್ಟೋ ಮೇಲೆ. ನನಗೆ ಪಿಎಲ್‌ಸಿ ಚೆನ್ನಾಗಿ ಕಲಿತ ಹುಡುಗರು ಹತ್ತಾರು ಜನ ಗೊತ್ತು. ಮೂವರ ಹೆಸರು, ನಂಬರು, ರೆಸ್ಯೂಮೆ ಹಾಕಿದೆ. ಅವರ ರೆಸ್ಯೂಮೆ ನನ್ನ ಹತ್ತಿರ ಮೊದಲೇ ಇತ್ತು, ಅವರೇ ಯಾವಾಗಲೋ ವಾಟ್ಸಾಪ್‌ನಲ್ಲಿ ಕಳಿಸಿದ್ದು.

ಒಬ್ಬನಿಗೆ ಕರೆ ಬರಲಿಲ್ಲ. ಇನ್ನೊಬ್ಬನ ಹೆಸರು "ಈಗಾಗಲೇ ನಮ್ಮ ಪಟ್ಟಿಯಲ್ಲಿದೆ" ಅಂತ ವಾಪಸ್ ಬಂತು. ಮೂರನೆಯವನು ಬೊಮ್ಮಸಂದ್ರದ ಒಂದು ಕಂಪನಿಗೆ ವರ್ಷಕ್ಕೆ 4.2 ಲಕ್ಷಕ್ಕೆ ಸೇರಿದ. ಎರಡು ತಿಂಗಳಾಯಿತು. ನನಗೆ ನಿಜವಾಗಿ ಖುಷಿಯಾಗಿತ್ತು, ಯಾಕೆಂದರೆ ಆ ಹುಡುಗ ಮೂರು ವರ್ಷ ಹನ್ನೆರಡು ಸಾವಿರಕ್ಕೆ ದುಡಿದವನು.

ಕಳೆದ ವಾರ ಅವನ ಫೋನ್ ಬಂತು. ಆಫೀಸಿನಲ್ಲಿ ಯಾರೋ ಹೇಳಿದ್ದಾರೆ, "ನಿಮ್ಮ ಮೇಷ್ಟ್ರಿಗೆ ನಿಮ್ಮ ಮೇಲೆ 18 ಸಾವಿರ ಬರುತ್ತದೆ" ಅಂತ. ಅವನು ಕೂಗಾಡಲಿಲ್ಲ. "ಸರ್, ನೀವು ನನಗೋಸ್ಕರ ಮಾಡಿದ್ದು ಅಂದುಕೊಂಡಿದ್ದೆ" ಅಂದ. ಆಮೇಲೆ "ಆ ದುಡ್ಡು ನನ್ನ ಸಂಬಳದಲ್ಲಿ ಕಟ್ ಆಗುತ್ತಾ ಸರ್?" ಅಂತ ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ. ಆವತ್ತಿನಿಂದ ನಿದ್ದೆ ಸರಿ ಇಲ್ಲ.

ಈಗ ನನ್ನ ಪ್ರಶ್ನೆಗಳು. ಈ ದುಡ್ಡು ತಗೊಳ್ಳುವುದು ತಪ್ಪಾ? ಅವನ ಸಂಬಳಕ್ಕೂ ಇದಕ್ಕೂ ಸಂಬಂಧ ಇದೆಯಾ? ಇದು ನಿಜವಾಗಿ ಕೈಗೆ ಬರುತ್ತದಾ? ಬಂದರೆ ತೆರಿಗೆ ಹೇಗೆ? ಮತ್ತೆ ಮುಖ್ಯವಾಗಿ, ಆ ಹುಡುಗನಿಗೆ ಏನು ಹೇಳಲಿ?

ಶಿರಸಿ_ಭಟ್ಟ

ಮೊದಲು ಒಂದು ಮಾತು. ನಿಮ್ಮ ಕಾಲೇಜು ಸರ್ಕಾರಿಯಾ, ಖಾಸಗಿಯಾ? ಸರ್ಕಾರಿ ನೌಕರರಾಗಿದ್ದರೆ ಅನುಮತಿ ಇಲ್ಲದೆ ಹೊರಗಿನ ವ್ಯವಹಾರ ಮಾಡುವ ಹಾಗಿಲ್ಲ, ನಡತೆ ನಿಯಮದಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಖಾಸಗಿಯಾದರೂ ನೇಮಕಾತಿ ಪತ್ರ ಒಂದು ಸಲ ತೆಗೆದು ಓದಿ.

ಲ್ಯಾಬ್‌ಮೇಷ್ಟ್ರು_ದಾವಣಗೆರೆ

ಖಾಸಗಿ ಸರ್. ಪ್ರಿನ್ಸಿಪಾಲರಿಗೆ ಬಾಯಿ ಮಾತಲ್ಲಿ ಹೇಳಿದ್ದೆ. ಬರೆದು ಕೊಟ್ಟಿಲ್ಲ. ಕೊಡುತ್ತೇನೆ.

ರೆಕ್ರೂಟರ್_ಜಯನಗರ

ಮೇಷ್ಟ್ರೇ, ನಾನು ಒಂಬತ್ತು ವರ್ಷದಿಂದ ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿ ಇದ್ದೇನೆ. ಮೊದಲು ಕನ್ಸಲ್ಟೆನ್ಸಿ, ಈಗ ಒಂದು ಕಂಪನಿಯ ಎಚ್‌ಆರ್. ನೀವು ಕೇಳಿದ್ದರಲ್ಲಿ ಆ ಹುಡುಗನ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಇವತ್ತೇ ಫೋನ್ ಮಾಡಿ ಹೇಳಿಬಿಡಿ: ಅವನ ಸಂಬಳದಿಂದ ಒಂದು ಪೈಸೆಯೂ ಹೋಗುವುದಿಲ್ಲ.

ದುಡ್ಡು ಎಲ್ಲಿಂದ ಬರುತ್ತದೆ ಅಂತ ಹೇಳುತ್ತೇನೆ. ಕಂಪನಿ ಒಬ್ಬರನ್ನು ಕನ್ಸಲ್ಟೆನ್ಸಿ ಮೂಲಕ ತಗೊಂಡರೆ ಸಾಮಾನ್ಯವಾಗಿ 8.33% ಕೊಡುತ್ತದೆ. ಈ ವಿಚಿತ್ರ ಅಂಕಿ ನಮ್ಮ ಕ್ಷೇತ್ರದಲ್ಲಿ ಎಲ್ಲರ ಬಾಯಲ್ಲೂ ಇದೆ. ವರ್ಷದ ಸಂಬಳದ ಹನ್ನೆರಡರಲ್ಲಿ ಒಂದು ಪಾಲು, ಅಂದರೆ ಒಂದು ತಿಂಗಳ ಸಂಬಳ. ನಿಮ್ಮ ಹುಡುಗನ ಲೆಕ್ಕದಲ್ಲಿ ಸುಮಾರು 35,000. ಅದರ ಮೇಲೆ 18% ಜಿಎಸ್‌ಟಿ ಬೇರೆ. ನಿಮ್ಮ ಸೈಟ್ ಎಷ್ಟಕ್ಕೆ ಒಪ್ಪಂದ ಮಾಡಿಕೊಂಡಿದೆಯೋ ಅವರಿಗೇ ಗೊತ್ತು, ಆದರೆ ಕೆಲಸ ನಡೆಯುವುದು ಹೀಗೇ. ಕಂಪನಿ ಕೊಡುವ ಶುಲ್ಕದಲ್ಲಿ ಒಂದು ಭಾಗ ಹೆಸರು ಸೂಚಿಸಿದವರಿಗೆ ಹೋಗುತ್ತದೆ, ಉಳಿದದ್ದು ಸೈಟ್‌ನವರದು. ನೇಮಕಾತಿ ಬಜೆಟ್ ಬೇರೆ, ಸಂಬಳದ ಬಜೆಟ್ ಬೇರೆ. ನೀವು ಇಲ್ಲದಿದ್ದರೆ ಆ ದುಡ್ಡು ಇನ್ನೊಂದು ಏಜೆನ್ಸಿಗೆ ಹೋಗುತ್ತಿತ್ತೇ ಹೊರತು ಹುಡುಗನ ಕೈಗೆ ಬರುತ್ತಿರಲಿಲ್ಲ.

90 ದಿನ ಯಾಕೆ ಅಂದರೆ, ಏಜೆನ್ಸಿಗಳ ಒಪ್ಪಂದದಲ್ಲಿ ರಿಪ್ಲೇಸ್‌ಮೆಂಟ್ ಷರತ್ತು ಅಂತ ಇರುತ್ತದೆ. ಸೇರಿದವರು ಅಷ್ಟರೊಳಗೆ ಬಿಟ್ಟು ಹೋದರೆ ಬದಲಿಗೆ ಇನ್ನೊಬ್ಬರನ್ನು ಕೊಡಬೇಕು, ಇಲ್ಲವೇ ದುಡ್ಡು ವಾಪಸ್. ಆ ಭಯವನ್ನೇ ಸೈಟ್‌ನವರು ನಿಮ್ಮ ತಲೆಗೂ ಕಟ್ಟಿರುತ್ತಾರೆ.

"ಈಗಾಗಲೇ ಪಟ್ಟಿಯಲ್ಲಿದೆ" ಅಂತ ವಾಪಸ್ ಬಂದದ್ದರ ಬಗ್ಗೆ. ಇದು ಎಲ್ಲರಿಗೂ ಆಗುತ್ತದೆ. ಒಬ್ಬ ಅಭ್ಯರ್ಥಿ ಯಾವುದೇ ದಾರಿಯಿಂದ ಒಂದು ಕಂಪನಿಗೆ ಒಮ್ಮೆ ಬಂದರೆ, ಎಷ್ಟೋ ಕಡೆ ಆರು ತಿಂಗಳು, ಕೆಲವು ಕಡೆ ಒಂದು ವರ್ಷ, ಅವರು ಆ ದಾರಿಯ ಲೆಕ್ಕಕ್ಕೇ ಸೇರುತ್ತಾರೆ. ಆ ಹುಡುಗ ಯಾವತ್ತೋ ನೌಕ್ರಿ ಅನ್ನುವ ಜಾಬ್ ಸೈಟ್‌ನಲ್ಲಿ ನೋಡಿ ಅದೇ ಕಂಪನಿಗೆ ಅರ್ಜಿ ಹಾಕಿ ಮರೆತಿರಬಹುದು. ಕೆಲವು ಕಂಪನಿಗಳು ಇದನ್ನು ದುರುಪಯೋಗ ಮಾಡಿಕೊಳ್ಳುವುದೂ ಉಂಟು, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ: ಹೆಸರು ನಿಮ್ಮಿಂದ ಬಂದದ್ದು, ನಾಲ್ಕು ದಿನ ಬಿಟ್ಟು ತಾವೇ ನೇರವಾಗಿ ಫೋನ್ ಮಾಡಿ ತಗೊಳ್ಳುವುದು. ಅದಕ್ಕೇ ಹೆಸರು ಹಾಕಿದ ದಿನ ಮತ್ತು ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಈಗ ಕಷ್ಟದ ಮಾತು. ದುಡ್ಡು ತಗೊಂಡದ್ದು ತಪ್ಪಲ್ಲ. ಕೇಳದೆ ಅವನ ನಂಬರು, ರೆಸ್ಯೂಮೆ ಬೇರೆಯವರಿಗೆ ಕೊಟ್ಟದ್ದು ತಪ್ಪು. ಅವನು ಅದನ್ನು ನಿಮ್ಮನ್ನು ನಂಬಿ ಕಳಿಸಿದ್ದು, ಸೈಟನ್ನು ನಂಬಿ ಅಲ್ಲ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣೆ ಕಾಯ್ದೆ ಕೂಡ ಒಪ್ಪಿಗೆಯ ಬಗ್ಗೆ ಇದನ್ನೇ ಹೇಳುತ್ತದೆ. ಆದರೆ ಕಾಯ್ದೆಗಿಂತ ಮುಂಚೆ, ಅವನಿಗೆ ಬೇಜಾರಾದದ್ದೇ ಅದಕ್ಕೆ ಅಂತ ನನಗನ್ನಿಸುತ್ತದೆ. 18 ಸಾವಿರಕ್ಕಲ್ಲ.

ಕಡತ_ಕೃಷ್ಣ

ನಾನು ಇದನ್ನು ಎರಡು ವರ್ಷ ಕೂತು ಮಾಡಿದ್ದೇನೆ, ಮೈಸೂರಿನಿಂದ. ನನ್ನ ಲೆಕ್ಕ ಬರೆದಿಟ್ಟಿದ್ದೇನೆ, ಹಾಗೇ ಹಾಕುತ್ತೇನೆ. ಒಟ್ಟು 61 ಹೆಸರು ಕೊಟ್ಟೆ. ಇಂಟರ್‌ವ್ಯೂವರೆಗೆ ಹೋದವರು 14. ಆಫರ್ ಬಂದದ್ದು 7 ಜನಕ್ಕೆ, ಸೇರಿದ್ದು 4. ದುಡ್ಡು ಬಂದದ್ದು 3 ಜನರದ್ದು, ಒಟ್ಟು 47,000. ಎರಡು ವರ್ಷಕ್ಕೆ. ಸಂಜೆ ಎಷ್ಟು ಹೊತ್ತು ಫೋನಿನಲ್ಲಿ ಕಳೆದೆ ಅಂತ ಲೆಕ್ಕ ಹಾಕಿದರೆ ಟ್ಯೂಷನ್ ಹೇಳಿದ್ದರೂ ಜಾಸ್ತಿ ಬರುತ್ತಿತ್ತು. ಸೈಟ್‌ನ ಮುಖಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಹಾಕುವ "ಮನೆಯಲ್ಲೇ ಕೂತು ಲಕ್ಷ ಗಳಿಸಿ" ಅನ್ನುವುದನ್ನು ನಂಬಬೇಡಿ.

ಕಾಲದ ಲೆಕ್ಕವೂ ನೋಡಿ. ಸಾಫ್ಟ್‌ವೇರ್ ಕಡೆ ಅಂದರೆ, ನೀವು ಜೂನ್‌ನಲ್ಲಿ ಹೆಸರು ಕೊಟ್ಟಿರಿ, ಜುಲೈಗೆ ಆಫರ್ ಬಂತು ಅಂದುಕೊಳ್ಳಿ. ಅವರ ಹಳೇ ಕಂಪನಿಯಲ್ಲಿ ನೋಟಿಸ್ ಅವಧಿ ಮೂರು ತಿಂಗಳು. ಅಕ್ಟೋಬರ್‌ನಲ್ಲಿ ಸೇರುತ್ತಾರೆ, ಅಷ್ಟರೊಳಗೆ ಬೇರೆ ಆಫರ್ ಹಿಡಿದು ಕೈ ಕೊಡದಿದ್ದರೆ. ಅಲ್ಲಿಂದ 90 ದಿನ, ಜನವರಿ. ಕಂಪನಿ ಸೈಟ್‌ಗೆ ಬಿಲ್ ಪಾವತಿ ಮಾಡಲು ಇನ್ನೊಂದು ತಿಂಗಳು. ನಿಮ್ಮ ಖಾತೆಗೆ ಬರುವಾಗ ಫೆಬ್ರವರಿ ಮುಗಿದಿರುತ್ತದೆ. ಆ ದುಡ್ಡನ್ನು ನಂಬಿ ಚೀಟಿ ಹಾಕುವ ಹಾಗಿಲ್ಲ.

ತೆರಿಗೆ ಕೇಳಿದಿರಿ. ಇದು ಕಮಿಷನ್ ಆದಾಯ. ಒಂದು ಕಡೆಯಿಂದ ವರ್ಷಕ್ಕೆ 20,000 ದಾಟಿದರೆ ಟಿಡಿಎಸ್, ಅಂದರೆ ಕೊಡುವ ಮುಂಚೆಯೇ ತೆರಿಗೆ, ಹಿಡಿಯುತ್ತಾರೆ. ಮೊದಲು ಮಿತಿ 15,000 ಇತ್ತು, 2025ರ ಏಪ್ರಿಲ್‌ನಿಂದ 20,000 ಆಯಿತು. ದರ ಮೊದಲು 5%, 2024ರ ಅಕ್ಟೋಬರ್‌ನಿಂದ 2%. ಪ್ಯಾನ್ ಕೊಡದಿದ್ದರೆ 20% ಹಿಡಿಯುತ್ತಾರೆ, ಆದ್ದರಿಂದ ಪ್ಯಾನ್ ಸರಿಯಾಗಿ ಹಾಕಿದ್ದೀರಾ ನೋಡಿ. ನಿಮ್ಮ 18,000ಕ್ಕೆ ಕಡಿತ ಬರಲಿಕ್ಕಿಲ್ಲ, ಆದರೂ ರಿಟರ್ನ್‌ನಲ್ಲಿ ತೋರಿಸಲೇಬೇಕು. ನಮ್ಮದೇ ಕಂಪನಿಯೊಳಗೆ ಸ್ನೇಹಿತರನ್ನು ಸೇರಿಸಿದಾಗ ಸಿಗುವ ಬೋನಸ್ ಬೇರೆ, ಅದು ಸಂಬಳದ ಜೊತೆ ಸೇರಿ ಬರುತ್ತದೆ, ತೆರಿಗೆಯೂ ಹಾಗೇ.

ಇಷ್ಟೆಲ್ಲ ಲೆಕ್ಕ. ಆದರೆ ನಾನು ಇದನ್ನು ಬಿಟ್ಟದ್ದು ಲೆಕ್ಕಕ್ಕಲ್ಲ. ಸೇರಿದ ನಾಲ್ಕನೆಯವನು ಹಾಸನದ ಹುಡುಗ. ಎಪ್ಪತ್ತೆಂಟನೇ ದಿನ ಫೋನ್ ಮಾಡಿದ. ಅಪ್ಪನಿಗೆ ಪಾರ್ಶ್ವವಾಯು ಹೊಡೆದಿದೆ, ಊರಿಗೆ ಹೋಗಬೇಕು, ಕಂಪನಿ ರಜೆ ಕೊಡುತ್ತಿಲ್ಲ, ಬಿಡುತ್ತೇನೆ ಅಂದ. ನನ್ನ ಬಾಯಿಂದ ಮೊದಲು ಬಂದ ಮಾತು "ಇನ್ನು ಹನ್ನೆರಡು ದಿನ ಹೇಗಾದರೂ ಇರಕ್ಕಾಗಲ್ವಾ?" ಅಂತ. ಅವನಿಗೆ ಯಾಕೆ ಅಂತ ಗೊತ್ತಾಗಲಿಲ್ಲ. ನನಗೆ ಗೊತ್ತಿತ್ತಲ್ಲ. ಅವನ ಅಪ್ಪ ಮಲಗಿದ್ದಾರೆ, ನಾನು ದಿನ ಎಣಿಸುತ್ತಿದ್ದೇನೆ. ಅವತ್ತೇ ರಾತ್ರಿ ಅವನಿಗೆ ಮತ್ತೆ ಫೋನ್ ಮಾಡಿ, ನಿನ್ನ ಮೇಲೆ ನನಗೆ 16 ಸಾವಿರ ಬರುವುದಿತ್ತು, ಅದಕ್ಕೇ ಹಾಗಂದೆ, ನೀನು ಹೊರಡು ಅಂದೆ. ಆಮೇಲೆ ಹೊಸ ಹೆಸರು ಹಾಕಲು ಮನಸ್ಸು ಬರಲಿಲ್ಲ.

ಮೇಷ್ಟ್ರೇ, ನಿಮ್ಮ ಹುಡುಗನಿಗೆ ಇನ್ನು ಒಂದು ತಿಂಗಳು ಬಾಕಿ ಇದೆ. ಅಷ್ಟರೊಳಗೆ ಅವನು ಯಾವುದೇ ಕಾರಣಕ್ಕೆ ಕೆಲಸ ಬಿಡುತ್ತೇನೆ ಅಂದರೆ ನೀವು ಮೇಷ್ಟ್ರಾಗಿಯೇ ಮಾತಾಡಬೇಕು. ಅದಕ್ಕೆ ಈಗಲೇ ತಯಾರಾಗಿರಿ.

ಪೀಣ್ಯ_ಲೈನ್‌ಮ್ಯಾನ್

ನೀವೆಲ್ಲ ಸೈಟು ಅನ್ನುತ್ತಿದ್ದೀರಿ. ನಮ್ಮ ಗಾರ್ಮೆಂಟ್ಸ್‌ನಲ್ಲಿ ಇದು ಮೊದಲಿನಿಂದಲೂ ಇದೆ, ಗೇಟಿನ ಬೋರ್ಡಿನ ಮೇಲೆ. "ಟೈಲರ್ ಬೇಕಾಗಿದ್ದಾರೆ, ಕರೆತಂದವರಿಗೆ ಬಹುಮಾನ." ಒಬ್ಬ ಟೈಲರ್ ಕರೆದುಕೊಂಡು ಬಂದರೆ 1,000, ಹಬ್ಬ ಮುಗಿದು ಊರಿಗೆ ಹೋದವರು ವಾಪಸ್ ಬಾರದ ಸಮಯದಲ್ಲಿ 2,000. ನಾನು ಲೈನ್ ಸೂಪರ್‌ವೈಸರ್. ನಮ್ಮೂರ ಕಡೆಯಿಂದ ಎಷ್ಟೋ ಜನರನ್ನು ತಂದು ಸೇರಿಸಿದ್ದೇನೆ. ಎಲ್ಲರಿಗೂ ಗೊತ್ತಿರುತ್ತದೆ, ತಂದವನಿಗೆ ದುಡ್ಡು ಬರುತ್ತದೆ ಅಂತ. ಬೋರ್ಡೇ ಹೇಳುತ್ತದಲ್ಲ. ಯಾರೂ ಬೇಜಾರು ಮಾಡಿಕೊಂಡದ್ದಿಲ್ಲ.

ಆದರೆ ನಮ್ಮಲ್ಲಿ ತಂದವನ ಜವಾಬ್ದಾರಿ ಅಲ್ಲಿಗೆ ಮುಗಿಯುವುದಿಲ್ಲ. ರೂಮು ತೋರಿಸಬೇಕು. ಮೊದಲ ಸಂಬಳ ಬರುವವರೆಗೆ ರೇಷನ್‌ಗೆ ಸಾಲ ಕೊಡಬೇಕು. ಪಿಎಫ್ ನಂಬರು ಬಂತಾ, ಇಎಸ್‌ಐ ಕಾರ್ಡ್ ಬಂತಾ ನೋಡಬೇಕು. ಲೈನಿನಲ್ಲಿ ಯಾರಾದರೂ ಬೈದರೆ ಮೊದಲು ನನ್ನ ಹತ್ತಿರವೇ ಬರುತ್ತಾರೆ. ಆ 1,000 ಅದಕ್ಕೆ ಅಂತಲೇ ನಾನು ತಿಳಿದಿದ್ದೇನೆ.

ಕೆಟ್ಟದ್ದು ಯಾವುದು ಹೇಳುತ್ತೇನೆ. ನಾನು ಮೊದಲು ಇದ್ದ ಫ್ಯಾಕ್ಟರಿಯಲ್ಲಿ ಒಬ್ಬ ಕಂಪನಿಯಿಂದಲೂ ತಗೊಳ್ಳುತ್ತಿದ್ದ, ಊರಿಂದ ಬಂದ ಹೆಣ್ಣುಮಕ್ಕಳಿಂದಲೂ ತಲಾ 500 ವಸೂಲಿ ಮಾಡುತ್ತಿದ್ದ. "ಫಾರಂ ಖರ್ಚು" ಅಂತ. ಕೆಲಸಕ್ಕೆ ಸೇರಿ ಇನ್ನೂ ಸಂಬಳ ಕಾಣದವರ ಹತ್ತಿರ! ಮೂರು ಜನ ಕಿವಿಯೋಲೆ ಅಡ ಇಟ್ಟು ಕೊಟ್ಟಿದ್ದರು ಅಂತ ಆಮೇಲೆ ಗೊತ್ತಾಯಿತು. ನಾವು ನಾಲ್ಕು ಜನ ಸೇರಿ ಮ್ಯಾನೇಜರ್ ಹತ್ತಿರ ಹೋದೆವು, ಏನೂ ಆಗಲಿಲ್ಲ, ನಾನು ಫ್ಯಾಕ್ಟರಿ ಬಿಟ್ಟೆ. ನೀವು ಆ ಹುಡುಗನಿಂದ ಏನೂ ತಗೊಂಡಿಲ್ಲ ಅಲ್ವಾ ಸಾರ್? ಹಾಗಿದ್ದರೆ ತಲೆ ತಗ್ಗಿಸುವ ಕೆಲಸ ಏನೂ ಮಾಡಿಲ್ಲ.

ರಾಯಚೂರು_ಹತ್ತಿ

ಮೇಷ್ಟ್ರ ಹುಡುಗ ಇದ್ದಾನಲ್ಲ, ನಾನು ಆ ಕಡೆಯವಳು. ಬೇರೆಯವರು ಹೆಸರು ಕೊಟ್ಟು ಕೆಲಸ ಸಿಕ್ಕವಳು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲು. ಬೆಂಗಳೂರಿಗೆ ಬಂದಾಗ ಗೊತ್ತಿದ್ದದ್ದು ಒಬ್ಬಳು ಪಿಜಿ ರೂಮ್‌ಮೇಟ್. ಎಲ್ಲ ಕಡೆ ಕೇಳುತ್ತಿದ್ದ ಪ್ರಶ್ನೆ ಒಂದೇ, "ಒಳಗಡೆ ಯಾರಾದರೂ ಗೊತ್ತಿದ್ದಾರಾ?" ಇದ್ದಿದ್ದರೆ ನಾನು ಯಾಕೆ ಮೆಜೆಸ್ಟಿಕ್‌ನಲ್ಲಿ ಬಸ್ ಹಿಡಿದು ದಿನಕ್ಕೊಂದು ಕಡೆ ಅಲೆಯುತ್ತಿದ್ದೆ? ಕಂಪನಿಯೊಳಗಿನವರು ತಮಗೆ ಗೊತ್ತಿದ್ದವರ ಹೆಸರು ಕೊಡುತ್ತಾರೆ. ಗೊತ್ತಿದ್ದವರು ಅಂದರೆ ಅದೇ ಕಾಲೇಜು, ಅದೇ ಬಡಾವಣೆ, ಎಷ್ಟೋ ಸಲ ಅದೇ ಜಾತಿ. ಬೇಕು ಅಂತ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ಹೊರಗಡೆ ನಿಂತವರಿಗೆ ಬಾಗಿಲು ಕಾಣುವುದೇ ಇಲ್ಲ.

ಏಳು ತಿಂಗಳಾದ ಮೇಲೆ ಇಂಥದ್ದೇ ಒಂದು ಸೈಟ್‌ನಿಂದ ನನ್ನನ್ನು ನೋಡೇ ಇಲ್ಲದ ಒಬ್ಬರು ಫೋನ್ ಮಾಡಿದರು. ಮಂಗಳೂರಿನವರು, ನಿವೃತ್ತರು. ಒಂದು ಟೆಸ್ಟಿಂಗ್ ಗುಂಪಿನಲ್ಲಿ ನಾನು ಯಾರಿಗೋ ಕೊಟ್ಟಿದ್ದ ಉತ್ತರ ಓದಿದ್ದರಂತೆ. ಅವರು ಆಡಿದ ಎರಡನೇ ಮಾತೇ ಇದು: "ನೋಡಮ್ಮ, ನೀನು ಸೇರಿದರೆ ನನಗೆ 15 ಸಾವಿರ ಬರುತ್ತದೆ. ನಿನ್ನ ಸಂಬಳಕ್ಕೂ ಅದಕ್ಕೂ ಸಂಬಂಧ ಇಲ್ಲ. ನಿನಗೆ ಒಪ್ಪಿಗೆ ಇದ್ದರೆ ಮಾತ್ರ ಹೆಸರು ಹಾಕುತ್ತೇನೆ." ಆಮೇಲೆ ಒಂದು ಗಂಟೆ ಕೂತು ನನ್ನ ರೆಸ್ಯೂಮೆ ತಿದ್ದಿಸಿದರು. ಹಿಂದಿನ ಕೆಲಸದಲ್ಲಿ ನಾನು ಏನು ಮಾಡಿದೆ ಅನ್ನುವುದು ಎರಡನೇ ಪುಟದಲ್ಲಿ ಇತ್ತು, ಅದನ್ನು ಮೇಲೆ ತರಿಸಿದರು. ಇಂಟರ್‌ವ್ಯೂ ಹಿಂದಿನ ರಾತ್ರಿ ಮತ್ತೆ ಫೋನ್ ಮಾಡಿ, ಇಂಗ್ಲಿಷ್ ತಡವರಿಸಿದರೆ ನಿಲ್ಲಿಸಿ ಉಸಿರು ತಗೊಂಡು ಮತ್ತೆ ಹೇಳು, ಅವಸರ ಮಾಡಬೇಡ ಅಂದರು.

ನಾನು ಸೇರಿದೆ. ಅವರಿಗೆ ದುಡ್ಡು ಬಂತು ಅಂತ ಕೇಳಿದಾಗ ನನಗೆ ಖುಷಿಯಾಯಿತು, ನಿಜವಾಗಿ. ಅವರು ಮುಚ್ಚಿಟ್ಟಿದ್ದು ನನಗೆ ಬೇರೆ ಯಾರಿಂದಲೋ ಗೊತ್ತಾಗಿದ್ದರೆ, ಆ ರಾತ್ರಿ ಹೇಳಿದ ಮಾತೂ ದುಡ್ಡಿಗೇ ಹೇಳಿದ್ದಾ ಅಂತ ಅನುಮಾನ ಬರುತ್ತಿತ್ತು. ಸರ್, ನಿಮ್ಮ ಹುಡುಗನಿಗೆ ಈಗ ಆಗುತ್ತಿರುವುದು ಅದೇ. ಲ್ಯಾಬಿನಲ್ಲಿ ನೀವು ಕಲಿಸಿದ್ದನ್ನೂ ಸೇರಿಸಿ ಅವನು ಮತ್ತೆ ತೂಗಿ ನೋಡುತ್ತಿದ್ದಾನೆ. ಬೇಗ ಮಾತಾಡಿ.

ಧಾರವಾಡ_ಸಂಶೋಧಕ

ರಾಯಚೂರಿನ ಅಕ್ಕ ಹೇಳಿದ್ದು ಓದಿ ಒಂದು ವಿಷಯ ನೆನಪಾಯಿತು. ಮಾರ್ಕ್ ಗ್ರ್ಯಾನೊವೆಟ್ಟರ್ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞ 1973ರಲ್ಲಿ ಬರೆದ ಲೇಖನದಲ್ಲಿ, ಬಾಸ್ಟನ್ ಹತ್ತಿರದ ಊರಿನಲ್ಲಿ ಪರಿಚಯದ ಮೂಲಕ ಕೆಲಸ ಸಿಕ್ಕವರನ್ನು ಕೇಳಿದ್ದ, ಕೆಲಸದ ಸುದ್ದಿ ಕೊಟ್ಟವರನ್ನು ನೀವು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಅಂತ. ಪದೇ ಪದೇ ಭೇಟಿಯಾಗುತ್ತಿದ್ದೆವು ಅಂದವರು ನೂರಕ್ಕೆ ಸುಮಾರು 17. ಅಪರೂಪಕ್ಕೊಮ್ಮೆ ಅಂದವರು ಸುಮಾರು 28. ಆಗೊಮ್ಮೆ ಈಗೊಮ್ಮೆ ಅಂದವರು ಸುಮಾರು 56. ಯಾಕೆಂದರೆ ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ದೂರದ ಪರಿಚಯದಿಂದ. ಹಳೇ ಮೇಷ್ಟ್ರು ಅಂದರೆ ಸರಿಯಾಗಿ ಅಂಥ ಪರಿಚಯ. ಅದಕ್ಕೇ ಕಂಪನಿಗಳು ನಿಮ್ಮಂಥವರಿಗೆ ದುಡ್ಡು ಕೊಡಲು ತಯಾರಿವೆ.

ಇನ್ನೊಂದು ಯೋಚನೆ. 2009ರ ಡಿಸೆಂಬರ್ 5ರಂದು ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ದೇಶದ ಬೇರೆ ಬೇರೆ ಕಡೆ ಹತ್ತು ಕೆಂಪು ಬಲೂನು ಕಟ್ಟಿ, ಎಲ್ಲವನ್ನೂ ಮೊದಲು ಪತ್ತೆ ಮಾಡಿದವರಿಗೆ 40,000 ಡಾಲರ್ ಅಂತ ಸ್ಪರ್ಧೆ ಇಟ್ಟಿತ್ತು. ಗೆದ್ದದ್ದು ಎಂಐಟಿ ತಂಡ, ಒಂಬತ್ತು ಗಂಟೆಯೊಳಗೆ. ಅವರು ಮಾಡಿದ್ದು ಇಷ್ಟು: ಬಲೂನು ನೋಡಿದವರಿಗೆ 2,000 ಡಾಲರ್, ಅವರನ್ನು ಸೇರಿಸಿದವರಿಗೆ 1,000, ಇವರನ್ನು ಸೇರಿಸಿದವರಿಗೆ 500, ಹೀಗೆ ಅರ್ಧರ್ಧ. ತನಗೆ ಬಲೂನು ಕಾಣದಿದ್ದರೂ ನಾಲ್ಕು ಜನಕ್ಕೆ ಹೇಳುವುದರಿಂದ ಲಾಭ ಇತ್ತು. ಕೆಲಸದ ರೆಫರಲ್‌ನಲ್ಲೂ ನಡುವೆ ಸುದ್ದಿ ಮುಟ್ಟಿಸಿದವರಿಗೆ ಪಾಲು ಕೊಟ್ಟರೆ ರಾಯಚೂರಿನಂಥ ಕಡೆಯವರೆಗೂ ಸುದ್ದಿ ಹೋಗುತ್ತದೆ ಅಂತ ನನ್ನ ಅಭಿಪ್ರಾಯ. ಮೇಷ್ಟ್ರೂ ಹುಡುಗನ ಜೊತೆ ಅರ್ಧ ಹಂಚಿಕೊಳ್ಳಬಹುದಲ್ಲ?

ರೆಕ್ರೂಟರ್_ಜಯನಗರ

ಧಾರವಾಡದವರೇ, ಯೋಚನೆ ಒಳ್ಳೆಯದು, ಆದರೆ ನಮ್ಮಲ್ಲಿ ಸರಪಳಿ ಅಂದ ಕೂಡಲೇ ಹುಷಾರಾಗಬೇಕು. ಒಂದು ಕೆಲಸ ನಿಜವಾಗಿ ತುಂಬಿದ ಮೇಲೆ ಕಂಪನಿ ಕೊಟ್ಟ ದುಡ್ಡನ್ನು ಇಬ್ಬರು ಮೂವರು ಹಂಚಿಕೊಳ್ಳುವುದು ಬೇರೆ. "500 ಕಟ್ಟಿ ಸದಸ್ಯರಾಗಿ, ನೀವು ಸೇರಿಸಿದ ಪ್ರತಿ ಸದಸ್ಯರಿಗೆ 100" ಅನ್ನುವುದು ಬೇರೆ. ಎರಡನೆಯದು ಜನರನ್ನು ಸೇರಿಸಿದ್ದಕ್ಕೇ ದುಡ್ಡು ಸುತ್ತಿಸುವ ವ್ಯವಹಾರ, ಅದನ್ನು 1978ರ ಕಾಯ್ದೆಯಲ್ಲೇ ನಿಷೇಧ ಮಾಡಿದ್ದಾರೆ. ಟೆಲಿಗ್ರಾಂನಲ್ಲಿ ಜಾಬ್ ರೆಫರಲ್ ಅನ್ನುವ ಹೆಸರಿನಲ್ಲಿ ಇದೇ ನಡೆಯುತ್ತದೆ. ಮೊದಲ ದಿನ ಸಣ್ಣ ಮೊತ್ತ ಕೊಟ್ಟು ನಂಬಿಸುತ್ತಾರೆ, ಆಮೇಲೆ ಡಿಪಾಸಿಟ್ ಕೇಳುತ್ತಾರೆ. ಯಾರಾದರೂ ಕಳೆದುಕೊಂಡಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಮೊದಲ ಕೆಲವು ಗಂಟೆಗಳಲ್ಲಿ ಮಾಡಿದರೆ ದುಡ್ಡು ತಡೆಹಿಡಿಯುವ ಅವಕಾಶ ಜಾಸ್ತಿ.

ಮತ್ತೆ ಹುಡುಗನಿಗೆ ಅರ್ಧ ಕೊಡುವ ಬಗ್ಗೆ. ಸೈಟ್‌ನ ಷರತ್ತು ಓದಿ. ಅಭ್ಯರ್ಥಿಯ ಜೊತೆ ಹಂಚಿಕೊಳ್ಳಬಾರದು ಅಂತ ಕೆಲವು ಕಡೆ ಬರೆದಿರುತ್ತದೆ, 90 ದಿನಕ್ಕೆಂದೇ ಸೇರಿ ಬಿಡುವವರು ಹುಟ್ಟಿಕೊಳ್ಳುತ್ತಾರೆ ಅಂತ.

ಉಡುಪಿ_ದುಬೈ_ಉಡುಪಿ

ಒಂದು ಎಚ್ಚರಿಕೆ ಹೇಳಿ ಹೋಗುತ್ತೇನೆ, ನಮ್ಮ ಕರಾವಳಿಯವರಿಗೆ ಬೇಕಾದದ್ದು. ಇಂಥ ಪಟ್ಟಿಗಳಲ್ಲಿ ಗಲ್ಫ್ ಕೆಲಸಗಳೂ ಬರುತ್ತವೆ. ಎಲೆಕ್ಟ್ರಿಷಿಯನ್, ವೆಲ್ಡರ್, ಮನೆಗೆಲಸದವರು. ಅವಕ್ಕೆ ದುಡ್ಡಿನ ಆಸೆಗೆ ಯಾರ ಹೆಸರನ್ನೂ ಕೊಡಬೇಡಿ. 1983ರ ವಲಸೆ ಕಾಯ್ದೆ ಪ್ರಕಾರ ವಿದೇಶದ ಕೆಲಸಕ್ಕೆ ಜನ ಕಳಿಸುವವರು ನೋಂದಣಿ ಮಾಡಿಸಿದ ಏಜೆಂಟ್ ಆಗಿರಬೇಕು. ಏಜೆಂಟ್ ಹೆಸರು ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಇದೆಯಾ ನೋಡಬಹುದು. ಆ ಏಜೆಂಟ್ ಕೂಡ ಅಭ್ಯರ್ಥಿಯಿಂದ 30,000 ಮತ್ತು ಜಿಎಸ್‌ಟಿಗಿಂತ ಜಾಸ್ತಿ ತಗೊಳ್ಳುವ ಹಾಗಿಲ್ಲ. ನನ್ನ ಚಿಕ್ಕಪ್ಪನ ಮಗನನ್ನು ಊರಿನ ಪರಿಚಯದವರೇ ಒಬ್ಬರು "ಹೆಸರು ಕೊಟ್ಟು" ಕಳಿಸಿದರು. ಅಲ್ಲಿ ಹೋದಾಗ ಹೇಳಿದ ಕೆಲಸವೂ ಇಲ್ಲ, ಹೇಳಿದ ಸಂಬಳವೂ ಇಲ್ಲ. ವಾಪಸ್ ಕರೆಸಲು ಹನ್ನೊಂದು ತಿಂಗಳು ಹಿಡಿಯಿತು. ಬೊಮ್ಮಸಂದ್ರದ ಕೆಲಸ ಸರಿಯಿಲ್ಲದಿದ್ದರೆ ರಾತ್ರಿ ಬಸ್ಸಿಗೆ ದಾವಣಗೆರೆಗೆ ಬರಬಹುದು. ಅಲ್ಲಿಂದ ಹಾಗೆ ಬರಲು ಆಗುವುದಿಲ್ಲ.

ಲ್ಯಾಬ್‌ಮೇಷ್ಟ್ರು_ದಾವಣಗೆರೆ

ಎಲ್ಲರಿಗೂ ತುಂಬಾ ಧನ್ಯವಾದ. ಎರಡು ದಿನ ತಡ ಮಾಡಿದೆ, ಧೈರ್ಯ ಸಾಲಲಿಲ್ಲ. ಭಾನುವಾರ ಬೆಳಿಗ್ಗೆ ಹುಡುಗನಿಗೆ ಫೋನ್ ಮಾಡಿದೆ.

ಸಂಬಳದಿಂದ ಏನೂ ಕಟ್ ಆಗುವುದಿಲ್ಲ ಅಂತ ಮೊದಲು ಹೇಳಿದೆ. ಉಸಿರು ಬಿಟ್ಟದ್ದು ಫೋನಿನಲ್ಲೇ ಕೇಳಿಸಿತು. ಮನೆಯಲ್ಲಿ ಅಮ್ಮನಿಗೂ ಅದೇ ಚಿಂತೆ ಆಗಿತ್ತಂತೆ. ಆಮೇಲೆ, ನಿನ್ನನ್ನು ಕೇಳದೆ ನಿನ್ನ ರೆಸ್ಯೂಮೆ ಹಾಕಿದ್ದು ನನ್ನ ತಪ್ಪು, ದುಡ್ಡಿನ ವಿಷಯ ಮೊದಲೇ ಹೇಳಬೇಕಿತ್ತು, ಕ್ಷಮಿಸು ಅಂದೆ. ಅವನು ಸ್ವಲ್ಪ ಹೊತ್ತು ಸುಮ್ನೆ ಇದ್ದ. "ಕ್ಷಮಿಸು ಅನ್ನಬೇಡಿ ಸರ್, ನೀವು ಹೇಳಿದ್ದಿದ್ದರೆ ನಾನೇ ಹಾಕಿ ಅನ್ನುತ್ತಿದ್ದೆ" ಅಂದ. ಅರ್ಧ ದುಡ್ಡಿನ ಮಾತು ನಾನು ತೆಗೆಯಲಿಲ್ಲ. ಷರತ್ತು ನೋಡಿದೆ, ರೆಕ್ರೂಟರ್ ಮೇಡಂ ಹೇಳಿದ ಹಾಗೇ ಹಂಚಬಾರದು ಅಂತ ಇದೆ. ದುಡ್ಡು ಬಂದರೆ ನಮ್ಮ ಲ್ಯಾಬಿಗೆ ಒಂದು ಪಿಎಲ್‌ಸಿ ಟ್ರೈನರ್ ಕಿಟ್ ಬೇಕಿತ್ತು, ಇರುವುದೊಂದರ ಮುಂದೆ ಹನ್ನೆರಡು ಹುಡುಗರು ನಿಲ್ಲುತ್ತಾರೆ. ಅದರ ಕಡೆಗೆ ಹಾಕಬೇಕು ಅಂತ ಇದ್ದೇನೆ. ಇದನ್ನೂ ಅವನಿಗೆ ಹೇಳಿದೆ.

ಕೃಷ್ಣ ಅವರು ಹೇಳಿದ್ದನ್ನೂ ಹೇಳಿಬಿಟ್ಟೆ, 90 ದಿನ ಅಂತ ನನ್ನ ಮುಖ ನೋಡಿ ಇರಬೇಡ, ಸರಿ ಹೋಗದಿದ್ದರೆ ನಾಳೆಯೇ ಬಿಡು ಅಂತ. "ಇಲ್ಲ ಸರ್, ಕೆಲಸ ಚೆನ್ನಾಗಿದೆ" ಅಂದ.

ಉಳಿದ ಇಬ್ಬರಿಗೂ ಫೋನ್ ಮಾಡಿ ಅವರ ಹೆಸರು ಹಾಕಿದ್ದೆ ಅಂತ ತಿಳಿಸಿದೆ. ಒಬ್ಬ ತೆಗೆಸಿ ಅಂದ, ತೆಗೆಸಿದೆ. ಪ್ರಿನ್ಸಿಪಾಲರಿಗೆ ಪತ್ರ ಬರೆದು ಕೊಟ್ಟಾಯಿತು.

ಫೋನ್ ಇಡುವ ಮುಂಚೆ ಹುಡುಗ ಒಂದು ಮಾತು ಹೇಳಿದ. ಅವನ ಕಂಪನಿಯಲ್ಲಿ ಇನ್ನೂ ಇಬ್ಬರು ಬೇಕಂತೆ. ಅವನ ಬ್ಯಾಚಿನ ಒಬ್ಬ ಹರಿಹರದಲ್ಲಿ ಅಂಗಡಿಯಲ್ಲಿ ಕೂತಿದ್ದಾನೆ, ಲ್ಯಾಬಿನಲ್ಲಿ ಇವನಿಗಿಂತ ಚೆನ್ನಾಗಿದ್ದವನು. "ಅವನ ಹೆಸರು ಹಾಕಿ ಸರ್. ಮೊದಲು ಅವನಿಗೆ ಫೋನ್ ಮಾಡಿ."

ರೆಕ್ರೂಟರ್_ಜಯನಗರ

ತುಂಬಾ ಸಂತೋಷ ಮೇಷ್ಟ್ರೇ. ಆ ಹರಿಹರದ ಹುಡುಗನಿಗೆ ಫೋನ್ ಮಾಡಿದಾಗ, ಕಳೆದ ಒಂದು ವರ್ಷದಲ್ಲಿ ಇದೇ ಕಂಪನಿಗೆ ಎಲ್ಲಾದರೂ ಅರ್ಜಿ ಹಾಕಿದ್ದಾನಾ ಅಂತ ಕೇಳಿಕೊಳ್ಳಿ. ಹಾಕಿದ್ದರೆ ನಿಮ್ಮ ಮೂಲಕ ಹೋಗುವುದು ಬೇಡ, ಬೊಮ್ಮಸಂದ್ರದ ಹುಡುಗನೇ ಒಳಗಿನಿಂದ ಹೆಸರು ಕೊಡಲಿ. ಅಲ್ಲಿ ನೌಕರರ ರೆಫರಲ್ ಬೋನಸ್ ಇದ್ದರೆ ಅವನಿಗೇ ಸಿಗಲಿ.

ಲ್ಯಾಬ್‌ಮೇಷ್ಟ್ರು_ದಾವಣಗೆರೆ

ಅದು ಹೊಳೆದೇ ಇರಲಿಲ್ಲ ಮೇಡಂ. ಅರ್ಜಿ ಹಾಕಿರಲಿ ಬಿಡಲಿ, ಇದನ್ನು ಅವನೇ ಕೊಡಲಿ. ಸಂಜೆ ಇಬ್ಬರನ್ನೂ ಒಂದೇ ಕಾಲ್‌ನಲ್ಲಿ ಸೇರಿಸುತ್ತೇನೆ. ರೆಸ್ಯೂಮೆ ತಿದ್ದುವುದು ನಾನು ನೋಡಿಕೊಳ್ಳುತ್ತೇನೆ.